ಮಳೆಗಾಲವಿಡೀ ನಿಲ್ಲುವ ಸ್ಪೋರ್ಟ್ಸ್ ಕಾರಿಗೆ ಬ್ಯಾಟರಿ ಮೇಂಟೇನರ್: ಸಿಗರೇಟ್ ಸಾಕೆಟ್ಟಿಗೋ, ನೇರ ಬ್ಯಾಟರಿಗೋ?

ಮೇಗರವಳ್ಳಿ_ತೋಟ · ಜೂನ್ 12, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಕೆಲಸದ ಮೇಲೆ ಎಂಟು ತಿಂಗಳಿಗೆ ಜರ್ಮನಿಗೆ ಹೋಗಿದ್ದಾನೆ. ಹೋಗುವ ಮೊದಲು ತನ್ನ ಪೋರ್ಷೆ ಕೇಮನ್ ಕಾರನ್ನು (2008ರದ್ದು, ಹಳೆಯದನ್ನೇ ಕೊಂಡದ್ದು) ಬೆಂಗಳೂರಿನಿಂದ ತಂದು ನಮ್ಮ ಅಡಿಕೆ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದಾನೆ. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಕೊಂಡ ಗಾಡಿ. ಕೀಲಿ ಕೈಯಲ್ಲಿಟ್ಟು ಅವನು ಹೇಳಿದ್ದು ಒಂದೇ ಮಾತು: "ಬ್ಯಾಟರಿ ಸಾಯದ ಹಾಗೆ ನೋಡಿಕೊ."

ನಿಂತ ಗಾಡಿಯ ಬ್ಯಾಟರಿಯನ್ನು ಸದಾ ತುಂಬಿಡುವ ಚಾರ್ಜರ್, ಅಂದರೆ ಮೇಂಟೇನರ್ ಒಂದನ್ನು ಆನ್‌ಲೈನಿನಲ್ಲಿ ಅವನೇ ತರಿಸಿಕೊಟ್ಟಿದ್ದಾನೆ, 5 ಆಂಪಿಯರ್‌ನದು. ಪೆಟ್ಟಿಗೆಯಲ್ಲಿ ಮೂರು ಬಗೆಯ ತಂತಿಗಳಿವೆ: ಮೊಸಳೆ ಕ್ಲಿಪ್ಪಿನದು, ಬೋಲ್ಟಿಗೆ ಹಾಕುವ ಉಂಗುರದ್ದು, ಸಿಗರೇಟ್ ಸಾಕೆಟ್ಟಿಗೆ ಚುಚ್ಚುವುದು. ಯಾವುದನ್ನು ಹಾಕಲಿ? ಈ ಗಾಡಿಯಲ್ಲಿ ಎಂಜಿನ್ ಸೀಟಿನ ಹಿಂದಿದೆ, ಬ್ಯಾಟರಿ ಮುಂದಿನ ಡಿಕ್ಕಿಯೊಳಗೆ ಗಾಜಿನ ಬುಡದಲ್ಲಿದೆ. ಡಿಕ್ಕಿ ಮುಚ್ಚಿದರೆ ತಂತಿ ನಜ್ಜಾಗುವುದಿಲ್ಲವೇ? ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುವ ಊರಿನಲ್ಲಿ ಇದನ್ನು ಹಾಕಿಡುವುದು ಸರಿಯೇ?

ಮಲ್ಟಿಮೀಟರ್ ಹಿಡಿದು ನೋಡಿದೆ, 12.2 ವೋಲ್ಟ್ ಇದೆ. ಗಾಡಿ ನಿಂತು ಐದು ವಾರವಾಯಿತು.

ಕೊಪ್ಪ_ಜೀಪು · ಜೂನ್ 12, ರಾತ್ರಿ 9:15

ಇಷ್ಟೆಲ್ಲ ಯಾಕೆ? ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಿ. ನನ್ನ ಜೀಪು ಮೂವತ್ತು ವರ್ಷದಿಂದ ಹಾಗೇ ನಡೆದಿದೆ.

ಹೊಸನಗರ_ಮಳೆ · ಜೂನ್ 12, ರಾತ್ರಿ 9:22

ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಡಿಕ್ಕಿ ಮುಚ್ಚಿಬಿಡಿ. ಖರ್ಚೂ ಇಲ್ಲ, ಕರೆಂಟಿನ ಚಿಂತೆಯೂ ಇಲ್ಲ.

ತುಂಗಾ_ತೀರದ_ಬಾಕ್ಸ್‌ಸ್ಟರ್ · ಜೂನ್ 12, ರಾತ್ರಿ 9:31

ಮೇಗರವಳ್ಳಿಯವರೇ, ದಯವಿಟ್ಟು ಹಾಗೆ ಮಾಡಬೇಡಿ! ಈ ಗಾಡಿಯಲ್ಲಿ ಮುಂದಿನ ಡಿಕ್ಕಿ ತೆರೆಯುವುದು ವಿದ್ಯುತ್ತಿನಿಂದ. ಬಾಗಿಲ ಬುಡದಲ್ಲಿರುವ ಗುಂಡಿ ಒತ್ತಿದರೆ ಬೀಗ ಬಿಡುತ್ತದೆ. ಬ್ಯಾಟರಿ ಬಿಚ್ಚಿ ಡಿಕ್ಕಿ ಮುಚ್ಚಿದರೆ ಆ ಗುಂಡಿಗೆ ಜೀವ ಇರುವುದಿಲ್ಲ, ಬ್ಯಾಟರಿ ಇರುವುದು ಅದೇ ಡಿಕ್ಕಿಯೊಳಗೆ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ ಹಾಗಾಗುತ್ತದೆ.

ನನ್ನದು ಅದೇ ಪೋರ್ಷೆ ಕಂಪನಿಯ, ಅದೇ ಕಾಲದ ಬಾಕ್ಸ್‌ಸ್ಟರ್, ಡಿಕ್ಕಿಯ ವ್ಯವಸ್ಥೆಯೂ ಅದೇ. ಹಾಗಾಗಿ ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ಮಳೆಗಾಲ ಸಿಗರೇಟ್ ಸಾಕೆಟ್ಟಿಗೇ ಚುಚ್ಚಿಟ್ಟಿದ್ದೆ. ಸುಲಭ, ಏನೂ ಬಿಚ್ಚಬೇಕಾಗಿಲ್ಲ. ಆದರೆ ಆ ಪ್ಲಗ್ ಸ್ಪ್ರಿಂಗಿನ ಬಲದಲ್ಲಿ ನಿಂತಿರುತ್ತದೆ. ಮನೆಯವರು ಯಾರೋ ಕವರ್ ಸರಿಪಡಿಸುವಾಗ ತಂತಿ ಎಳೆದಿರಬೇಕು, ಪ್ಲಗ್ ಅರ್ಧ ಬೆರಳಿನಷ್ಟು ಹೊರಗೆ ಸರಿದಿತ್ತು. ಕವರಿನೊಳಗೆ ಇದ್ದ ಮೇಂಟೇನರಿನ ದೀಪ ಯಾರ ಕಣ್ಣಿಗೂ ಬೀಳಲಿಲ್ಲ. ತಿಂಗಳ ಮೇಲೆ ನೋಡಿದರೆ ಬ್ಯಾಟರಿ ಪೂರ್ತಿ ಸತ್ತಿತ್ತು, ಡಿಕ್ಕಿ ತೆರೆಯಲಿಲ್ಲ.

ಆಗ ಏನು ಮಾಡಬೇಕು ಎನ್ನುವುದನ್ನೂ ಬರೆದಿಡುತ್ತೇನೆ, ಬೇರೆ ಯಾರಿಗಾದರೂ ಬೇಕಾದೀತು. ಕಾಲಿಡುವ ಜಾಗದ ಪಕ್ಕದ ಗೋಡೆಯಲ್ಲಿ ಫ್ಯೂಸ್ ಪೆಟ್ಟಿಗೆ ಇದೆ. ಅದರಲ್ಲಿ ಕೆಂಪು ಬಣ್ಣದ, ಎಳೆದರೆ ಹೊರಗೆ ಬರುವ ಒಂದು ಪಾಸಿಟಿವ್ ತುದಿ ಇದೆ. ಬೇರೆ ಬ್ಯಾಟರಿಯ ಪಾಸಿಟಿವ್ ಅದಕ್ಕೆ, ನೆಗೆಟಿವ್ ಬಾಗಿಲು ಕಚ್ಚಿಕೊಳ್ಳುವ ಲೋಹದ ಕೊಂಡಿಗೆ. ಆಮೇಲೆ ಗುಂಡಿ ಒತ್ತಿದರೆ ಡಿಕ್ಕಿ ಬಿಡುತ್ತದೆ. ಡಿಕ್ಕಿ ತೆರೆಯುವುದಕ್ಕೆ ಮಾತ್ರ ಈ ದಾರಿ. ಅಲ್ಲಿಂದಲೇ ಎಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ, ಅಷ್ಟು ಆಂಪಿಯರ್ ತಡೆಯುವ ತಂತಿ ಅದಲ್ಲ.

ಹೊಸನಗರ_ಮಳೆ · ಜೂನ್ 12, ರಾತ್ರಿ 9:40

ಇದು ನನಗೆ ಗೊತ್ತಿರಲಿಲ್ಲ. ನನ್ನ ಸಲಹೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಮ್ಮ ಹಳೆಯ ಅಂಬಾಸಿಡರ್‌ಗೆ ಅದೇ ಮಾಡುತ್ತಿದ್ದೆವು.

ನಿವೃತ್ತ_ಮೇಷ್ಟ್ರು · ಜೂನ್ 13, ಬೆಳಿಗ್ಗೆ 6:10

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದವನು, ಆದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ.

12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದಾಗ 12.6ರಿಂದ 12.7 ತೋರಿಸುತ್ತದೆ. ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಳೆಗೆ ಹೀರಿಸಿ ಮುಚ್ಚಿದ ಬ್ಯಾಟರಿ) ಆದರೆ ಇನ್ನೂ ಸ್ವಲ್ಪ ಮೇಲೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗದ ಆಸುಪಾಸು. ನಿಮ್ಮದು ಅರ್ಧಕ್ಕೆ ಇಳಿದಿದೆ.

ಯಾಕೆ ಇಳಿಯಿತು? ಬೀಗ ಹಾಕಿದ ಗಾಡಿಯಲ್ಲೂ ಅಲಾರಂ, ಗಡಿಯಾರ, ಕೀಲಿಯ ಸಂಕೇತಕ್ಕೆ ಕಾಯುವ ರಿಸೀವರ್ ಇವೆಲ್ಲ ಎಚ್ಚರವಾಗಿಯೇ ಇರುತ್ತವೆ. ಎಲ್ಲ ಸೇರಿ 40 ಮಿಲಿ ಆಂಪಿಯರ್ ಎಂದುಕೊಳ್ಳಿ. ದಿನಕ್ಕೆ ಸುಮಾರು 1 ಆಂಪಿಯರ್ ಅವರ್ ಆಯಿತು. 60 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧ ಖಾಲಿಯಾಗಲು ಒಂದು ತಿಂಗಳು ಸಾಕು. ನಿಮ್ಮ ಐದು ವಾರಕ್ಕೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ. ಅಂದರೆ ಗಾಡಿಯಲ್ಲಿ ದೋಷವಿಲ್ಲ, ಆದರೆ ಇನ್ನು ಮೂರು ವಾರ ಹೀಗೇ ಬಿಟ್ಟರೆ ಬ್ಯಾಟರಿ ಹಾಳಾಗುವ ಹಂತಕ್ಕೆ ಬರುತ್ತದೆ. ಅರೆಹೊಟ್ಟೆಯಲ್ಲಿ ನಿಂತ ಬ್ಯಾಟರಿಯ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟುತ್ತದೆ. ಹರಳು ದೊಡ್ಡದಾಗಿ ಗಟ್ಟಿಯಾದ ಮೇಲೆ ಯಾವ ಚಾರ್ಜರ್ ಹಾಕಿದರೂ ಪೂರ್ತಿ ಕರಗುವುದಿಲ್ಲ.

ಕೊಪ್ಪದವರ ವಾದಕ್ಕೂ ಲೆಕ್ಕ ಹೇಳುತ್ತೇನೆ. ಸ್ಟಾರ್ಟರ್ 200 ಆಂಪಿಯರ್ ಎಳೆದರೂ ಮೂರು ಸೆಕೆಂಡಿಗೆ 0.17 ಆಂಪಿಯರ್ ಅವರ್ ಅಷ್ಟೇ. ಅದು ದೊಡ್ಡದಲ್ಲ. ವಾರದಲ್ಲಿ ಸೋರಿಹೋದ 6.7 ಆಂಪಿಯರ್ ಅವರ್ ಇದೆಯಲ್ಲ, ಅದನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸಿ ತುಂಬಲು ಆಗುವುದಿಲ್ಲ. ಬ್ಯಾಟರಿ ಕೊನೆಯ ಭಾಗವನ್ನು ತೀರಾ ನಿಧಾನವಾಗಿ ಕುಡಿಯುತ್ತದೆ. ಜೊತೆಗೆ ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ, ಎಂಜಿನ್ ಸರಿಯಾಗಿ ಕಾಯದೆ ಆರಿದರೆ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ನೀರಾಗಿ ನಿಲ್ಲುತ್ತದೆ. ಪುನರ್ವಸು ಮಳೆಯ ಹೊತ್ತಿಗೆ ನಮ್ಮ ಕಡೆಯ ಗಾಳಿಯೇ ಒದ್ದೆ, ಆ ನೀರು ಆರುವುದಾದರೂ ಹೇಗೆ?

ಕೊಪ್ಪ_ಜೀಪು · ಜೂನ್ 13, ಬೆಳಿಗ್ಗೆ 7:45

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ನನ್ನ ಜೀಪು ಮೂವತ್ತು ವರ್ಷ ನಡೆದದ್ದೂ ಸುಳ್ಳಲ್ಲ.

ನಿವೃತ್ತ_ಮೇಷ್ಟ್ರು · ಜೂನ್ 13, ಬೆಳಿಗ್ಗೆ 8:02

ಖಂಡಿತ ಸುಳ್ಳಲ್ಲ. ನಿಮ್ಮ ಜೀಪಿನಲ್ಲಿ ಅಲಾರಂ ಇಲ್ಲ, ಕಂಪ್ಯೂಟರ್ ಇಲ್ಲ. ಕೀಲಿ ತಿರುಗಿಸಿ ಆರಿಸಿದ ಮೇಲೆ ಏನೂ ಎಳೆಯುವುದಿಲ್ಲ. ಅಲ್ಲದೆ ನೀವು ಸ್ಟಾರ್ಟ್ ಮಾಡಿದ ಮೇಲೆ ಸಂತೆಗೆ ಹೋಗಿ ಬರುತ್ತೀರಿ.

ಆಟೋ_ಕಾಂಪ್ಲೆಕ್ಸ್_ಬ್ಯಾಟರಿ · ಜೂನ್ 13, ಬೆಳಿಗ್ಗೆ 11:20

ಶಿವಮೊಗ್ಗದಲ್ಲಿ ಬ್ಯಾಟರಿ ಅಂಗಡಿ ನಡೆಸುತ್ತೇನೆ. ಮಳೆಗಾಲ ಮುಗಿದ ಮೇಲೆ, ಆಯುಧಪೂಜೆಯ ಹಿಂದಿನ ವಾರ ನನ್ನ ಅಂಗಡಿಗೆ ಬರುವ ಬ್ಯಾಟರಿಗಳಲ್ಲಿ ಬಹಳಷ್ಟು ಹೀಗೆ ನಿಂತು ಸತ್ತವೇ. ಬೇಸರವಾಗುತ್ತದೆ. ಇನ್ನೂ ಎರಡು ಮೂರು ವರ್ಷ ಬಾಳಬೇಕಾದ ಮಾಲು ಅದು.

ಮೊದಲು ಬ್ಯಾಟರಿಯ ಮೇಲಿನ ಚೀಟಿ ಓದಿ. ಸಾಮಾನ್ಯ ಬ್ಯಾಟರಿಯೋ, ಎಜಿಎಂ ಎಂದು ಬರೆದಿದೆಯೋ ನೋಡಿ, ಮೇಂಟೇನರಿನಲ್ಲಿ ಅದಕ್ಕೆ ತಕ್ಕ ಮೋಡ್ ಒತ್ತಿ. ಕೆಲವು ಪೋರ್ಷೆ ಮಾಲೀಕರು ತೂಕ ಇಳಿಸಲು ಲಿಥಿಯಂ ಬ್ಯಾಟರಿ ಹಾಕಿಸಿರುತ್ತಾರೆ. ಅದಾಗಿದ್ದರೆ ಈ ಚಾರ್ಜರ್ ಮುಟ್ಟಿಸಬೇಡಿ, ಅದಕ್ಕೆ ಅದರದೇ ಚಾರ್ಜರ್ ಬೇಕು. ಇನ್ನು ಮೇಂಟೇನರಿನಲ್ಲಿ "ರೀಕಂಡಿಷನ್" ಎಂಬ ಗುಂಡಿ ಇದ್ದರೆ ಬ್ಯಾಟರಿ ಗಾಡಿಯಲ್ಲಿರುವಾಗ ಅದನ್ನು ಒತ್ತಲೇಬೇಡಿ. ಸಿಟೆಕ್ ಕಂಪನಿಯ 5 ಆಂಪಿಯರ್ ಮಾದರಿಯಲ್ಲಿ ಅದು 15.8 ವೋಲ್ಟ್‌ವರೆಗೆ ಏರುತ್ತದೆ. ಗಾಡಿಯ ಎಲೆಕ್ಟ್ರಾನಿಕ್ಸ್ ಮೇಲೆ ಅಷ್ಟು ವೋಲ್ಟ್ ಬಿಡುವುದು ಬೇಡ.

ಯಾವ ತಂತಿ ಎಂದು ಕೇಳಿದಿರಿ. ತಿಂಗಳುಗಟ್ಟಲೆ ಇರಬೇಕಾದದ್ದಕ್ಕೆ ಉಂಗುರದ ತಂತಿಯೇ ಸರಿ. ಮೊಸಳೆ ಕ್ಲಿಪ್ ಒಂದು ರಾತ್ರಿಗೆ ಸಾಕು, ಒದ್ದೆ ಗಾಳಿಯಲ್ಲಿ ನಾಲ್ಕು ತಿಂಗಳು ಇದ್ದರೆ ಹಲ್ಲು ತುಕ್ಕು ಹಿಡಿಯುತ್ತದೆ. ಕೂಡಿಸುವ ಕ್ರಮ: ಗೋಡೆಯ ಸ್ವಿಚ್ ಆರಿಸಿರಲಿ. ಮೊದಲು ಪಾಸಿಟಿವ್, ಆಮೇಲೆ ನೆಗೆಟಿವ್, ಕೊನೆಗೆ ಸ್ವಿಚ್. ಬಿಚ್ಚುವಾಗ ಸ್ವಿಚ್ ಆರಿಸಿ, ನೆಗೆಟಿವ್, ಆಮೇಲೆ ಪಾಸಿಟಿವ್. ನೆಗೆಟಿವ್ ಅನ್ನು ಬ್ಯಾಟರಿಯಿಂದ ದೂರ, ಗಾಡಿಯ ಮೈಯಲ್ಲಿರುವ ಅರ್ಥಿಂಗ್ ಬೋಲ್ಟಿಗೆ ಹಾಕಿ. ಕಿಡಿ ಹಾರಿದರೆ ಅಲ್ಲಿ ಹಾರಲಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ.

ಭದ್ರಾವತಿ_ಕಬ್ಬಿಣ · ಜೂನ್ 13, ಮಧ್ಯಾಹ್ನ 1:05

ಹೊಸ ಗಾಡಿಯವರಿಗೆ ಒಂದು ಮಾತು ಸೇರಿಸುತ್ತೇನೆ. ಈಗಿನ ಹಲವು ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಮೇಲೆಯೇ ಒಂದು ಸೆನ್ಸರ್ ಕೂತಿರುತ್ತದೆ, ಒಳಹೋದ ಹೊರಹೋದ ಕರೆಂಟನ್ನು ಅದು ಎಣಿಸುತ್ತದೆ. ನೇರ ಬ್ಯಾಟರಿ ಕಂಬಕ್ಕೆ ಕ್ಲಿಪ್ ಹಾಕಿದರೆ ಚಾರ್ಜ್ ಆದದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ಮೈಗೆ ಹಾಕಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಸಾಗರದ_ವೈಂಡಿಂಗ್ · ಜೂನ್ 13, ಸಂಜೆ 6:30

ಎಲ್ಲರೂ 12 ವೋಲ್ಟಿನ ಕಡೆಯನ್ನೇ ನೋಡುತ್ತಿದ್ದೀರಿ. ನಮ್ಮ ಕಡೆ ಅಪಾಯ ಇರುವುದು 230ರ ಕಡೆ.

ಮೋಟಾರ್ ವೈಂಡಿಂಗ್ ನನ್ನ ಕಸುಬು. ಮಳೆಗಾಲದಲ್ಲಿ ಮರ ಬಿದ್ದು ಲೈನಿನ ನ್ಯೂಟ್ರಲ್ ತಂತಿ ಕಡಿದರೆ ಒಂದು ಮನೆಗೆ 100 ವೋಲ್ಟ್, ಪಕ್ಕದ ಮನೆಗೆ 400ರ ಹತ್ತಿರ ಬರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಕೇರಿಯಲ್ಲಿ ಹಾಗಾಯಿತು. ಟಿವಿ, ಫ್ರಿಜ್, ಮೊಬೈಲ್ ಚಾರ್ಜರ್ ಎಲ್ಲ ಐದು ನಿಮಿಷದಲ್ಲಿ ಹೋದವು. ನನ್ನ ಟೇಬಲ್ ಮೇಲೆ ಮೂರು ವಾರ ಸುಟ್ಟ ವಾಸನೆಯ ಪೆಟ್ಟಿಗೆಗಳೇ ಇದ್ದವು. ಮೇಂಟೇನರ್ ಯಾವ ಕಂಪನಿಯದಾದರೂ 400 ವೋಲ್ಟಿಗೆ ಮಾಡಿದ್ದಲ್ಲ.

ಹಾಗಾಗಿ ನೇರ ಪ್ಲಗ್ಗಿಗೆ ಹಾಕಬೇಡಿ. ವೋಲ್ಟೇಜ್ ಏರಿಳಿದರೆ ತಾನೇ ಕಡಿಯುವ ಕಟಾಫ್ ಇರುವ ಸ್ಟೆಬಿಲೈಸರ್ ಮೂಲಕ ಹಾಕಿ, ಫ್ರಿಜ್ಜಿಗೆ ಹಾಕುವಂಥದ್ದೇ ಸಾಕು. ಶೆಡ್ಡಿನ ಸಾಕೆಟ್ಟಿಗೆ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ನೆಲ ಒದ್ದೆ, ಕೈ ಒದ್ದೆ, ಗಾಡಿ ಲೋಹದ್ದು. ಮೇಂಟೇನರನ್ನು ನೆಲದ ಮೇಲೆ ಇಡಬೇಡಿ, ಗೋಡೆಗೆ ಮೊಳೆ ಹೊಡೆದು ಎದೆಯ ಎತ್ತರಕ್ಕೆ ತೂಗುಹಾಕಿ. ತಂತಿಯನ್ನು ಅದರಿಂದ ಸ್ವಲ್ಪ ಕೆಳಗೆ ಜೋಲುಬಿಟ್ಟು ತನ್ನಿ, ನೀರು ಹರಿದರೂ ಜೋಲಿನ ತುದಿಯಲ್ಲಿ ತೊಟ್ಟಿಕ್ಕಲಿ. ಸಿಡಿಲು ಜೋರಾದ ದಿನ ಪ್ಲಗ್ ಕಿತ್ತಿಡಿ. ಒಂದು ರಾತ್ರಿ ಚಾರ್ಜ್ ಇಲ್ಲದಿದ್ದರೆ ಬ್ಯಾಟರಿಗೆ ಏನೂ ಆಗುವುದಿಲ್ಲ.

ಹೊಸನಗರ_ಮಳೆ · ಜೂನ್ 13, ಸಂಜೆ 7:10

ಸಂಕಟ ಇರುವುದೇ ಇಲ್ಲಿ. 1948ರಿಂದ ಜೋಗದ ಬುಡದಲ್ಲಿ ವಿದ್ಯುತ್ ತಯಾರಾಗುತ್ತಿದೆ, ಲಿಂಗನಮಕ್ಕಿ ಕಟ್ಟಿ ಶರಾವತಿಯಿಂದ ಸಾವಿರ ಮೆಗಾವಾಟ್ ಮೀರಿ ತೆಗೆಯುತ್ತಾರೆ. ಮುಳುಗಿದ್ದು ನಮ್ಮ ಹಿರಿಯರ ಗದ್ದೆ. ಇವತ್ತಿಗೂ ನಮ್ಮ ಮನೆಯ ದೀಪ ಆರಿದರೆ ಮೂರು ದಿನ.

ಅಡಿಕೆಮನೆ_ಅಕ್ಕ · ಜೂನ್ 13, ಸಂಜೆ 7:25

ನಿಜ. ಆದರೆ ಆ ಮಾತು ತೆಗೆದರೆ ಈ ಹುಡುಗನ ಬ್ಯಾಟರಿ ಮರೆತುಹೋಗುತ್ತದೆ. ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ, ಹೇಳುವುದು ಬಹಳ ಇದೆ.

ತಮ್ಮಾ, ನಿನ್ನ ಶೆಡ್ಡು ಅಡಿಕೆ ಮನೆಯ ಪಕ್ಕ ಎಂದಿದ್ದೀಯ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಲ್ಲೇ ಕಲಸುವುದೇ? ಮೈಲುತುತ್ತದ ಚೀಲ, ಡ್ರಮ್ಮು, ಸ್ಪ್ರೇಯರ್ ಏನೇ ಇದ್ದರೂ ಆ ಶೆಡ್ಡಿನಿಂದ ಹೊರಗೆ ಇಡಿಸು. ಕಬ್ಬಿಣದ ಕೊಡದಲ್ಲಿ ಮೈಲುತುತ್ತ ಕಲಸಬಾರದೆಂದು ಅಪ್ಪ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ, ಅದು ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ.

ಮೇಗರವಳ್ಳಿ_ತೋಟ · ಜೂನ್ 14, ಮಧ್ಯಾಹ್ನ 3:40

ಎಲ್ಲರಿಗೂ ತುಂಬ ಧನ್ಯವಾದ. ಅಕ್ಕ ಹೇಳಿದ ಹಾಗೆ ಚೀಲಗಳನ್ನು ಇವತ್ತೇ ಸಾಗಿಸಿದೆ, ನಿಜವಾಗಿಯೂ ಕಾರಿನ ಹಿಂದೆಯೇ ಎರಡು ಇದ್ದವು.

ಡಿಕ್ಕಿ ತೆರೆದು ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಚೀಟಿಯಲ್ಲಿ ಎಜಿಎಂ ಎಂದಿದೆ. ಪಾಸಿಟಿವ್ ಕ್ಲ್ಯಾಂಪಿನ ಸುತ್ತ, ಬೋಲ್ಟಿನ ಬುಡದಲ್ಲಿ, ನೀಲಿ ಹಸಿರು ಬಣ್ಣದ ಪುಡಿ ಕೂತಿದೆ. ಬೆರಳಿನ ಉಗುರಿನಷ್ಟು ದಪ್ಪ. ಅಮ್ಮ ಇಣುಕಿ ನೋಡಿ "ಇದೇನು, ಮೈಲುತುತ್ತ ಇಲ್ಲಿಗೂ ಬಂತೇ?" ಎಂದರು. ಇದು ಶೆಡ್ಡಿನ ಚೀಲದಿಂದ ಹಾರಿದ್ದೇ?

ಸಾಕೆಟ್ಟನ್ನೂ ಪರೀಕ್ಷಿಸಿದೆ. ಗಾಡಿಗೆ ಬೀಗ ಹಾಕಿ ಅರ್ಧ ಗಂಟೆ ಬಿಟ್ಟು ಅಳೆದರೆ ಅಲ್ಲೂ 12.2 ಇದೆ, ಅಂದರೆ ಅದು ಯಾವಾಗಲೂ ಜೀವಂತ. ಆದರೂ ಬಾಕ್ಸ್‌ಸ್ಟರ್ ಅಣ್ಣನ ಕಥೆ ಓದಿದ ಮೇಲೆ ಉಂಗುರದ ತಂತಿಯನ್ನೇ ಹಾಕೋಣ ಎಂದುಕೊಂಡಿದ್ದೇನೆ.

ನಿವೃತ್ತ_ಮೇಷ್ಟ್ರು · ಜೂನ್ 14, ಸಂಜೆ 4:15

ನಿಮ್ಮ ತಾಯಿಯವರ ಕಣ್ಣು ಬಹಳ ಚುರುಕು. ಅದು ಮೈಲುತುತ್ತವೇ! ಚೀಲದಿಂದ ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು. ಬ್ಯಾಟರಿಯೊಳಗಿನ ಗಂಧಕಾಮ್ಲದ ಆವಿ ಕಂಬದ ಬುಡದಿಂದ ಸೂಕ್ಷ್ಮವಾಗಿ ಹೊರಗೆ ಬಂದು ತಂತಿಯ ತಾಮ್ರಕ್ಕೆ ತಗುಲಿದರೆ ತಾಮ್ರದ ಸಲ್ಫೇಟ್ ಆಗುತ್ತದೆ. ತೋಟಕ್ಕೆ ಹೊಡೆಯುವುದೂ ಅದೇ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಈ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಅದನ್ನು ಹಾಗೇ ಬಿಟ್ಟು ಮೇಲೆ ಉಂಗುರ ಬಿಗಿಯಬೇಡಿ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಡಿಕ್ಕಿ ತೆರೆದೇ ಇರಲಿ! ಅಡಿಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ನೊರೆ ನಿಲ್ಲುವವರೆಗೆ. ಒಣಬಟ್ಟೆಯಲ್ಲಿ ಒರೆಸಿ. ತಿರುಗಿ ಕೂಡಿಸಿ ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಕನ್ನಡಕ, ಕೈಗವಸು ಇರಲಿ.

ತುಂಗಾ_ತೀರದ_ಬಾಕ್ಸ್‌ಸ್ಟರ್ · ಜೂನ್ 14, ಸಂಜೆ 5:00

ಬಿಚ್ಚುವ ಮೊದಲು ಎರಡೂ ಕಿಟಕಿಗಳನ್ನು ಸ್ವಲ್ಪ ಇಳಿಸಿಡಿ. ಈ ಗಾಡಿಯ ಬಾಗಿಲಿಗೆ ಮೇಲಿನ ಚೌಕಟ್ಟು ಇಲ್ಲ. ಹಿಡಿ ಎಳೆದಾಗ ಗಾಜು ತಾನೇ ಒಂದು ಸೆಂಟಿಮೀಟರಿನಷ್ಟು ಇಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಕರೆಂಟ್ ಇಲ್ಲದಾಗ ಇಳಿಯುವುದಿಲ್ಲ, ಬಲವಾಗಿ ಎಳೆದರೆ ರಬ್ಬರ್ ಹರಿಯುತ್ತದೆ. ರೇಡಿಯೋ ಕೋಡ್ ಇದ್ದರೆ ಅಣ್ಣನನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಡಿಕ್ಕಿ ಮುಚ್ಚುವ ವಿಚಾರ: ಉಂಗುರದ ತಂತಿಯ ಇನ್ನೊಂದು ತುದಿಯಲ್ಲಿ ರಬ್ಬರ್ ಮುಚ್ಚಳದ ಸಣ್ಣ ಪ್ಲಗ್ ಇರುತ್ತದೆ. ಅದನ್ನು ಮೂಲೆಯ ರಬ್ಬರ್ ಅಂಚಿನ ಮೇಲೆ ಹಾಯಿಸಿ ಹೊರಗೆ ತನ್ನಿ, ಬೀಗ ಕಚ್ಚುವ ಜಾಗದಿಂದ ದೂರ ಇರಲಿ. ರಬ್ಬರ್ ಮೆತ್ತಗಿದೆ, ತಂತಿ ತೆಳ್ಳಗಿದೆ, ನಾಲ್ಕು ವರ್ಷದಿಂದ ನನ್ನದಕ್ಕೆ ಏನೂ ಆಗಿಲ್ಲ. ಡಿಕ್ಕಿ ಅರೆತೆರೆದು ಬಿಡಬೇಡಿ, ಒಳಗಿನ ದೀಪ ಉರಿಯುತ್ತಲೇ ಇರಬಹುದು.

ಕೊಪ್ಪ_ಜೀಪು · ಜೂನ್ 14, ರಾತ್ರಿ 8:20

ಬ್ಯಾಟರಿ ಉಳಿದರೂ ಇಲಿ ಬಿಡುತ್ತದೆಯೇ? ಅಡಿಕೆ ಮನೆಯ ಪಕ್ಕ ಎಂದರೆ ಇಲಿಗಳ ತವರು. ಹೋದ ವರ್ಷ ನನ್ನ ಅಳಿಯನ ಕಾರಿನ ವೈರಿಂಗ್ ಕಡಿದು ಗೂಡು ಕಟ್ಟಿತ್ತು, ಗೂಡಿನೊಳಗೆ ನನ್ನದೇ ಪಂಚೆಯ ಚೂರು. ಸೈಲೆನ್ಸರ್ ಬಾಯಿಗೆ ಕಬ್ಬಿಣದ ಜಾಲರಿ ತುರುಕಿ, ಹಾಗೆ ತುರುಕಿದ್ದೇನೆ ಎಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ. ಶೆಡ್ಡಿನಲ್ಲಿ ಕೇರೆ ಹಾವು ಓಡಾಡಿದರೆ ಓಡಿಸಬೇಡಿ. ಅದರಷ್ಟು ಕೆಲಸ ಮಾಡುವ ಔಷಧಿ ಇಲ್ಲ.

ಅಡಿಕೆಮನೆ_ಅಕ್ಕ · ಜೂನ್ 14, ರಾತ್ರಿ 8:34

ಕೇರೆಯ ವಿಷಯದಲ್ಲಿ ಕೊಪ್ಪದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಲಕ್ಕಿ ಸೊಪ್ಪನ್ನೂ ಇಡುತ್ತೇವೆ, ಒಣಗಿದ ಕೂಡಲೇ ಬದಲಿಸಬೇಕು.

ಭದ್ರಾವತಿ_ಕಬ್ಬಿಣ · ಜೂನ್ 14, ರಾತ್ರಿ 9:00

ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಥಂಡಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ಅಡ್ಡ ಕೊಡಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ಒಳಗೆ ಬೆವತು ಸೀಟಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಬಟ್ಟೆಯ ಕವರ್ ಸಾಕು.

ಮೇಗರವಳ್ಳಿ_ತೋಟ · ಜೂನ್ 16, ರಾತ್ರಿ 9:10

ಹಾಕಿದೆ. ನಿನ್ನೆ ಬೆಳಿಗ್ಗೆ ಸೋಡಾ ನೀರಿನಲ್ಲಿ ತೊಳೆದಾಗ ನೀಲಿ ನೊರೆ ಉಕ್ಕಿ ಬಂತು, ಕೆಳಗಿನಿಂದ ತಾಮ್ರ ಕೆಂಪಗೆ ಹೊಳೆಯಿತು. ಎಜಿಎಂ ಮೋಡ್ ಒತ್ತಿ ಸ್ವಿಚ್ ಹಾಕಿದಾಗ ಬೆಳಿಗ್ಗೆ ಹತ್ತು ಗಂಟೆ. ರಾತ್ರಿ ಎಂಟರ ಹೊತ್ತಿಗೆ ಕೊನೆಯ ಹಂತದ ದೀಪಕ್ಕೆ ಬಂತು, ಬೆಳಗಾಗುವಾಗ ಹಸಿರು. ಸ್ಟೆಬಿಲೈಸರ್ ತೀರ್ಥಹಳ್ಳಿಯಿಂದ ತಂದೆ. ಆರ್‌ಸಿಸಿಬಿಗೆ ಎಲೆಕ್ಟ್ರಿಷಿಯನ್ ಶುಕ್ರವಾರ ಬರುತ್ತಾನೆ, ಅಲ್ಲಿಯವರೆಗೆ ನಾನು ಮನೆಯಲ್ಲಿದ್ದಾಗ ಮಾತ್ರ ಸ್ವಿಚ್ ಹಾಕುತ್ತೇನೆ.

ಸಾಗರದ_ವೈಂಡಿಂಗ್ · ಜೂನ್ 16, ರಾತ್ರಿ 9:25

ಒಳ್ಳೆಯದು. ಒಂದು ಪರೀಕ್ಷೆ ಬಾಕಿ ಇದೆ. ಗೋಡೆಯ ಸ್ವಿಚ್ ಆರಿಸಿ ಐದು ನಿಮಿಷ ಬಿಟ್ಟು ಹಾಕಿ ನೋಡಿ. ಕೆಲವು ಮೇಂಟೇನರುಗಳು ಕರೆಂಟ್ ಬಂದ ಕೂಡಲೇ ತಾವೇ ಕೆಲಸ ಶುರುಮಾಡುತ್ತವೆ, ಕೆಲವು ಗುಂಡಿ ಒತ್ತುವವರೆಗೆ ಸುಮ್ಮನೆ ಕೂರುತ್ತವೆ. ನಿಮ್ಮದು ಯಾವ ಜಾತಿ ಎಂದು ಈಗಲೇ ತಿಳಿಯಬೇಕು.

ಮೇಗರವಳ್ಳಿ_ತೋಟ · ಜೂನ್ 16, ರಾತ್ರಿ 9:41

ತಾನೇ ಶುರುವಾಯಿತು, ಎಜಿಎಂ ಮೋಡಿನಲ್ಲೇ.

ಮೇಗರವಳ್ಳಿ_ತೋಟ · ಜುಲೈ 9, ಸಂಜೆ 6:15

ಸುದ್ದಿ ತಿಳಿಸಲು ಬಂದೆ. ಆಗುಂಬೆ ಕಡೆಯ ಮಳೆ ನಿಮಗೆಲ್ಲ ಗೊತ್ತು, ಎಂಟು ದಿನದಿಂದ ಬಿಟ್ಟಿಲ್ಲ. ನಡುವೆ ಎರಡೂವರೆ ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಶೆಡ್ಡಿಗೆ ಹೋಗಿ ನೋಡಿದರೆ ಮೇಂಟೇನರ್ ತಾನೇ ಎದ್ದು ಚಾರ್ಜ್ ಮಾಡುತ್ತಿತ್ತು, ಒಂದು ಗಂಟೆಯಲ್ಲಿ ಮತ್ತೆ ಹಸಿರು. ಇವತ್ತು ಪ್ಲಗ್ ತೆಗೆದು ನಾಲ್ಕು ಗಂಟೆ ಬಿಟ್ಟು ಅಳೆದೆ: 12.8.

ಅಣ್ಣನಿಗೆ ವಿಡಿಯೋ ಕರೆ ಮಾಡಿ ಮೀಟರ್ ತೋರಿಸಿದೆ. ಅವನು ಅಂಕಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಒಂದು ಸಲ ಸ್ಟಾರ್ಟ್ ಮಾಡಿ ಶಬ್ದ ಕೇಳಿಸು" ಎಂದ. ಮೇಷ್ಟ್ರ ಮಾತು ಹೇಳಿ, ರಸ್ತೆ ಒಣಗುವವರೆಗೆ ಆಗುವುದಿಲ್ಲ ಎಂದೆ.

ಅಡಿಕೆಮನೆ_ಅಕ್ಕ · ಜುಲೈ 9, ಸಂಜೆ 6:50

ಓದಿ ಸಂತೋಷವಾಯಿತು ತಮ್ಮಾ. ಬ್ಯಾಟರಿ ಅಂಗಡಿಯವರೇ, ನಮ್ಮ ಡೀಸೆಲ್ ಜನರೇಟರ್ ಕೂಡ ಬೇಕಾದಾಗಲೇ ಸ್ಟಾರ್ಟ್ ಆಗುವುದಿಲ್ಲ. ಅದರ ಬ್ಯಾಟರಿಗೂ ಇಂಥದ್ದು ಹಾಕಬಹುದೇ?

ಆಟೋ_ಕಾಂಪ್ಲೆಕ್ಸ್_ಬ್ಯಾಟರಿ · ಜುಲೈ 9, ರಾತ್ರಿ 8:05

ಹಾಕಬಹುದು ಅಕ್ಕ. ಅದು ನೀರು ಹಾಕುವ ಬ್ಯಾಟರಿ ಆಗಿದ್ದರೆ ಮೊದಲು ಮುಚ್ಚಳ ತೆಗೆದು ನೋಡಿ, ಫಲಕಗಳು ಮುಳುಗಿರಬೇಕು. ಕಡಿಮೆಯಿದ್ದರೆ ಫಲಕ ಮುಳುಗುವಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜಿಗಿಡಿ, ಗುರುತಿನವರೆಗೆ ತುಂಬುವುದು ಚಾರ್ಜ್ ಆದ ಮೇಲೆ. ಬಾವಿ ನೀರು ಬೇಡ. ಮೋಡ್ ಸಾಮಾನ್ಯದ್ದು ಒತ್ತಿ, ಎಜಿಎಂ ಅಲ್ಲ. ಬ್ಯಾಟರಿ ಎಷ್ಟು ಆಂಪಿಯರ್ ಅವರಿನದು ಎಂದು ಚೀಟಿ ನೋಡಿ ಬರೆಯಿರಿ, ಯಾವ ಅಳತೆಯ ಮೇಂಟೇನರ್ ಸಾಕು ಎಂದು ಹೇಳುತ್ತೇನೆ.